ರಾಚೆಟ್ ಸ್ಪ್ಯಾನರ್ ಕೊಳ್ಳಬೇಕೇ? ಗ್ಯಾರೇಜಿನವರಿಗೆ ನನ್ನ ಉತ್ತರ

ಕೈಗಾರಿಕಾ ತರಬೇತಿಯಲ್ಲಿ ನನ್ನ ಬಳಿ ಕಲಿತ ಹುಡುಗರಲ್ಲಿ ಹಲವರು ಈಗ ತುಮಕೂರಿನ ಕ್ಯಾತ್ಸಂದ್ರದಿಂದ ಶಿರಾ ಗೇಟಿನವರೆಗೆ ಅಲ್ಲಲ್ಲಿ ಸ್ವಂತ ಗ್ಯಾರೇಜುಗಳನ್ನು ನಡೆಸುತ್ತಿದ್ದಾರೆ. ಹೊಸ ಸಾಮಾನು ಕೊಳ್ಳುವ ಮುನ್ನ ಅವರು ನನಗೆ ಫೋನ್ ಮಾಡುವುದುಂಟು. ಇತ್ತೀಚೆಗೆ ಪದೇ ಪದೇ ಬರುವ ಪ್ರಶ್ನೆ ಇದು: "ಸಾರ್, ರಾಚೆಟ್ ಸ್ಪ್ಯಾನರ್ ಸೆಟ್ ತಗೊಳ್ಳಲಾ? ದುಡ್ಡಿಗೆ ತಕ್ಕ ಕೆಲಸ ಮಾಡುತ್ತಾ?" ಸೆಟ್ ಬೇಡ, ನಾಲ್ಕು ಅಳತೆಯವನ್ನು ಬಿಡಿಯಾಗಿ ತೆಗೆದುಕೊಳ್ಳಿ, ಅವನ್ನೂ ನಟ್ಟನ್ನು ಸುತ್ತಲೂ ಹಿಡಿಯುವ ರಿಂಗ್ ಸ್ಪ್ಯಾನರಿನ ಬದಲಿಗೆ ಅಲ್ಲ, ಅದರ ಜೊತೆಗೆ ಇಟ್ಟುಕೊಳ್ಳಿ ಎನ್ನುವುದು ನನ್ನ ಉತ್ತರ. ಫೋನಿನಲ್ಲಿ ಇಷ್ಟು ಹೇಳಿದರೆ ಯಾರಿಗೂ ಸಮಾಧಾನವಾಗುವುದಿಲ್ಲವಾದ್ದರಿಂದ ಕಾರಣಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಸಾಕೆಟ್ ಪೆಟ್ಟಿಗೆಯಲ್ಲಿ ಬರುವ ರಾಚೆಟ್ ಹ್ಯಾಂಡಲಿನ ಬಗ್ಗೆ ಈ ಮಾತಲ್ಲ. ಅದು ಪ್ರತಿ ಗ್ಯಾರೇಜಿನಲ್ಲೂ ಇರಲೇಬೇಕು, ಅದರಲ್ಲಿ ಚರ್ಚೆಗೆ ಏನೂ ಇಲ್ಲ. ಇಲ್ಲಿ ಹೇಳುತ್ತಿರುವುದು ಒಂದು ತುದಿಯಲ್ಲಿ ತೆರೆದ ಬಾಯಿಯೂ ಇನ್ನೊಂದು ತುದಿಯಲ್ಲಿ ರಿಂಗೂ ಇದ್ದು, ಆ ರಿಂಗಿನೊಳಗೆ ಹಲ್ಲುಚಕ್ರವೊಂದು ತಿರುಗುವ ಸ್ಪ್ಯಾನರಿನ ಬಗ್ಗೆ. ಚಕ್ರದ ಹಲ್ಲುಗಳಿಗೆ ಸ್ಪ್ರಿಂಗಿನ ಒತ್ತಡದಿಂದ ತಾಗಿಕೊಂಡಿರುವ ಒಂದು ಸಣ್ಣ ತಡೆತುಂಡು ಒಂದು ದಿಕ್ಕಿನಲ್ಲಿ ಚಕ್ರವನ್ನು ಹಿಡಿದು ನಿಲ್ಲಿಸುತ್ತದೆ, ಇನ್ನೊಂದು ದಿಕ್ಕಿನಲ್ಲಿ ಟಕಟಕನೆ ಜಾರಿ ಬಿಡುತ್ತದೆ. ಎಚ್.ಎಂ.ಟಿ.ಯ ಕೈಗಡಿಯಾರಕ್ಕೆ ಕೀ ಕೊಡುವಾಗ ಬೆರಳಿಗೆ ತಿಳಿಯುವ ಕಟಕಟ ಸದ್ದು ಇದೇ ಬಗೆಯ ಚಕ್ರ ಮತ್ತು ತಡೆಯಿಂದ ಬರುವುದು. ಸುತ್ತಿದ ಸ್ಪ್ರಿಂಗ್ ಹಿಂದಕ್ಕೆ ಬಿಚ್ಚಿಕೊಳ್ಳದಂತೆ ಅಲ್ಲಿ ಅದು ಕಾಯುತ್ತದೆ. ನಮ್ಮ ಊರಿನ ಗಡಿಯಾರ ಕಾರ್ಖಾನೆ ಮುಚ್ಚಿಹೋದರೂ ಅಲ್ಲಿ ದುಡಿದವರ ಮನೆಗಳು ತುಮಕೂರಿನಲ್ಲಿ ಇನ್ನೂ ಬಹಳಷ್ಟಿವೆ, ಅವರಿಗೆ ಈ ಯಂತ್ರಾಂಶವನ್ನು ವಿವರಿಸಿ ಹೇಳಬೇಕಾಗಿಲ್ಲ.

ಈ ಸ್ಪ್ಯಾನರ್ ಉಳಿಸುವುದು ಶಕ್ತಿಯನ್ನಲ್ಲ, ಮತ್ತೆ ಮತ್ತೆ ತೆಗೆದು ಕೂರಿಸುವ ಶ್ರಮವನ್ನು. ಸಾಮಾನ್ಯ ರಿಂಗ್ ಸ್ಪ್ಯಾನರಿನ ಒಳಗೆ 12 ಮೂಲೆಗಳಿರುವುದರಿಂದ ಅದನ್ನು ನಟ್ಟಿನ ಮೇಲೆ ಮತ್ತೆ ಕೂರಿಸಲು ಪ್ರತಿ ಸಲವೂ 30 ಡಿಗ್ರಿ ತಿರುಗಿಸಲೇಬೇಕು. ತೆರೆದ ಬಾಯಿಯ ಸ್ಪ್ಯಾನರಿಗೆ 60 ಡಿಗ್ರಿ ಬೇಕು. ಬಾಯಿಯನ್ನು 15 ಡಿಗ್ರಿ ಓರೆಯಾಗಿ ಮಾಡಿರುವುದರಿಂದ ಪ್ರತಿ ಸಲ ಮಗುಚಿ ಹಾಕಿದರೆ ಅದೂ 30ಕ್ಕೆ ಇಳಿಯುತ್ತದೆ. ಈಗ ಒಂದು ಲೆಕ್ಕ ಹಾಕಿ ನೋಡೋಣ. ಸಾಮಾನ್ಯವಾದ 8 ಮಿ.ಮೀ. ಬೋಲ್ಟಿನ ಒಂದು ಸುತ್ತಿಗೆ ಥ್ರೆಡ್ 1.25 ಮಿ.ಮೀ. ಮುಂದೆ ಸರಿಯುತ್ತದೆ, ಆದ್ದರಿಂದ 25 ಮಿ.ಮೀ. ಒಳಗೆ ಹೋಗಿರುವ ಬೋಲ್ಟು ಹೊರಬರಲು 20 ಸುತ್ತು ಬೇಕು. ಜಾಗವಿಲ್ಲದ ಕಡೆ 30 ಡಿಗ್ರಿಯಂತೆ ತಿರುಗಿಸಿದರೆ ಒಂದು ಸುತ್ತಿಗೆ 12 ಎಳೆತ, ಒಟ್ಟು 240 ಎಳೆತ, ಅಷ್ಟೇ ಸಲ ಸ್ಪ್ಯಾನರ್ ಎತ್ತಿ ಮತ್ತೆ ಕೂರಿಸುವುದು. ಬೋಲ್ಟು ಬೆರಳಿಗೆ ತಿರುಗುವಷ್ಟು ಸಡಿಲವಾದರೆ ಈ ತೊಂದರೆಯೇ ಇಲ್ಲ, ಆದರೆ ಧೂಳು ಹಿಡಿದ ಥ್ರೆಡ್ಡು ಅಥವಾ ನೈಲಾನ್ ಬಳೆಯಿರುವ ಲಾಕ್ ನಟ್ ಕೊನೆಯ ಸುತ್ತಿನವರೆಗೂ ಬಿಗಿಯಾಗಿಯೇ ಬರುತ್ತದೆ. ರಾಚೆಟ್ ಸ್ಪ್ಯಾನರಿನಲ್ಲಿ ಎಳೆತಗಳು ಅಷ್ಟೇ ಇರಬಹುದು, ಆದರೆ ಎತ್ತಿ ಕೂರಿಸುವ ಕೆಲಸ ಇರುವುದಿಲ್ಲ. ಕಣ್ಣಿಗೆ ಕಾಣದ ಜಾಗದಲ್ಲಿ, ಬೆರಳ ತುದಿಯಿಂದಲೇ ನಟ್ಟಿನ ತಲೆಯನ್ನು ಹುಡುಕಿ ಸ್ಪ್ಯಾನರ್ ಹಾಕಬೇಕಾದಾಗ ಇದರ ಬೆಲೆ ಗೊತ್ತಾಗುತ್ತದೆ.

ಅಂಥ ಜಾಗಕ್ಕೆ ಮಾರುತಿ ಓಮ್ನಿಯೇ ಒಳ್ಳೆಯ ಉದಾಹರಣೆ. ಅದರ ತಯಾರಿಕೆ ನಿಂತಿದ್ದರೂ ಗುಬ್ಬಿ, ಕುಣಿಗಲ್, ಕೊರಟಗೆರೆಯ ಕಡೆಯಿಂದ ಬರುವ ಗಾಡಿಗಳಲ್ಲಿ ಓಮ್ನಿ ಇನ್ನೂ ಕಡಿಮೆಯಾಗಿಲ್ಲ. ಎಂಜಿನ್ ಮುಂದಿನ ಸೀಟುಗಳ ಕೆಳಗಿರುವುದರಿಂದ ಸೀಟನ್ನು ಎತ್ತಿ, ಮೇಲಿನಿಂದ ಬಾಗಿ, ಎರಡೂ ಬದಿಯ ತಗಡಿಗೆ ಮೊಣಕೈ ತಾಗುವಂತೆ ಕೆಲಸ ಮಾಡಬೇಕು. ಅಲ್ಲಿ ಸಾಕೆಟ್ಟನ್ನೂ ಹ್ಯಾಂಡಲನ್ನೂ ಸೇರಿಸಿ ಇಳಿಸಲು ಎತ್ತರ ಸಾಲದ ಕಡೆಗಳಿವೆ, ಉದ್ದದ ರಿಂಗ್ ಸ್ಪ್ಯಾನರನ್ನು 30 ಡಿಗ್ರಿ ತಿರುಗಿಸಲು ಅಗಲ ಸಾಲದ ಕಡೆಗಳೂ ಇವೆ. ಚಪ್ಪಟೆಯಾದ ರಾಚೆಟ್ ಸ್ಪ್ಯಾನರ್ ಅಂಥ ಸಂದಿನಲ್ಲಿ ಸಲೀಸಾಗಿ ಕೆಲಸ ಮಾಡುತ್ತದೆ. ಸ್ಟಾರ್ಟರ್ ಮೋಟರಿನ ಬೋಲ್ಟುಗಳು, ಆಲ್ಟರ್ನೇಟರಿನ ಕೆಳಗಿನ ಬೋಲ್ಟು, ರೇಡಿಯೇಟರಿಗೂ ಎಂಜಿನ್ನಿಗೂ ನಡುವೆ ಸಿಕ್ಕಿಕೊಂಡಿರುವ ಬ್ರಾಕೆಟ್ಟುಗಳು, ಇವೆಲ್ಲ ಯಾವ ಕಂಪನಿಯ ಕಾರಿನಲ್ಲೂ ಇದೇ ಜಾತಿಗೆ ಸೇರಿದವು.

ಇದಕ್ಕಿಂತಲೂ ನನಗೆ ಮೆಚ್ಚುಗೆಯಾದ ಉಪಯೋಗ ಇನ್ನೊಂದಿದೆ. ಈ ಸ್ಪ್ಯಾನರಿನ ರಿಂಗು ಆರಪಾರ ತೂತಾಗಿರುವುದರಿಂದ ಉದ್ದನೆಯ ಸ್ಟಡ್ಡಿನ (ತಲೆಯಿಲ್ಲದ, ಥ್ರೆಡ್ ಇರುವ ಸರಳು) ಮೇಲಿರುವ ನಟ್ಟನ್ನು ಬಿಚ್ಚುವಾಗ ಸ್ಟಡ್ಡು ರಿಂಗಿನ ಮೂಲಕ ಹೊರಕ್ಕೆ ಚಾಚಿಕೊಳ್ಳಬಹುದು. ಸಾಕೆಟ್ಟಾದರೆ ಸ್ಟಡ್ಡಿನ ತುದಿ ಒಳಗೆ ತಗುಲಿ ನಟ್ಟಿನವರೆಗೆ ಇಳಿಯುವುದೇ ಇಲ್ಲ, ಡೀಪ್ ಸಾಕೆಟ್ ಹುಡುಕಬೇಕಾಗುತ್ತದೆ. ಈಗಿನ ಕಾರುಗಳ ಮುಂಭಾಗದ ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಗಾಡಿ ವಾಲದಂತೆ ತಡೆಯುವ ಸರಳನ್ನು ಸಸ್ಪೆನ್ಷನ್ನಿಗೆ ಸೇರಿಸುವ ಕೊಂಡಿ) ಬದಲಾಯಿಸುವ ಕೆಲಸವನ್ನು ತೆಗೆದುಕೊಳ್ಳಿ. ನಮ್ಮ ರಸ್ತೆಗಳ ಉಬ್ಬುಗಳಿಂದಾಗಿ ಈ ಕೆಲಸಕ್ಕೆ ಕೊರತೆಯಿಲ್ಲ. ಲಿಂಕಿನ ಬಾಲ್ ಸ್ಟಡ್ಡು ನಟ್ಟಿನ ಜೊತೆಯಲ್ಲೇ ತಿರುಗತೊಡಗುತ್ತದೆ. ಅದನ್ನು ತಡೆಯಲು ಸ್ಟಡ್ಡಿನ ತುದಿಯಲ್ಲಿರುವ ಆರುಮೂಲೆಯ ಗುಂಡಿಗೆ ಆಲನ್ ಕೀ ಹಾಕಿ ಹಿಡಿದುಕೊಂಡು ನಟ್ಟನ್ನು ಮಾತ್ರ ತಿರುಗಿಸಬೇಕು. ಸಾಕೆಟ್ ಹಾಕಿದರೆ ಆಲನ್ ಕೀಗೆ ದಾರಿಯಿಲ್ಲ. ರಿಂಗ್ ಸ್ಪ್ಯಾನರ್ ಹಾಕಿದರೆ ಪ್ರತಿ 30 ಡಿಗ್ರಿಗೆ ಆಲನ್ ಕೀಯನ್ನೂ ಕೈಯನ್ನೂ ಸರಿಸಿ ಮತ್ತೆ ಹೊಂದಿಸಬೇಕು. ರಾಚೆಟ್ ಸ್ಪ್ಯಾನರಿನ ತೂತಿನ ಮೂಲಕ ಆಲನ್ ಕೀಯನ್ನು ಒಮ್ಮೆ ಇಳಿಸಿ ಹಿಡಿದರೆ ಇನ್ನೊಂದು ಕೈ ನಿಲ್ಲದೆ ಕೆಲಸ ಮುಗಿಸುತ್ತದೆ. ಈ ಒಂದು ಕೆಲಸವನ್ನು ಆಗಾಗ ಮಾಡುವ ಗ್ಯಾರೇಜಿಗೆ ಆ ಅಳತೆಯ ರಾಚೆಟ್ ಸ್ಪ್ಯಾನರ್ ಖಂಡಿತವಾಗಿಯೂ ದಂಡವಲ್ಲ. ಶಾಕ್ ಅಬ್ಸಾರ್ಬರಿನ ಮೇಲ್ತುದಿಯ ನಟ್ಟಿಗೂ ಹಲವು ಗಾಡಿಗಳಲ್ಲಿ ಇದೇ ಉಪಾಯ ನಡೆಯುತ್ತದೆ.

ಇಷ್ಟು ಓದಿ ಸೆಟ್ ಕೊಳ್ಳಲು ಹೊರಡುವವರು ಒಂದು ಕ್ಷಣ ನಿಲ್ಲಬೇಕು. ತುಮಕೂರಿನ ಗ್ಯಾರೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನ ಕೆಲಸವನ್ನು ಟಿ ಆಕಾರದ ಹಿಡಿಯಿರುವ ಟಿ ಸ್ಪ್ಯಾನರ್ ಮಾಡುತ್ತದೆ, ಮಾಡುತ್ತಲೂ ಇರಬೇಕು. ನೇರವಾಗಿ ತಲುಪಬಹುದಾದ 8, 10, 12 ಮಿ.ಮೀ. ತಲೆಯ ಬೋಲ್ಟಿಗೆ ಟಿ ಸ್ಪ್ಯಾನರ್ ಹಾಕಿ, ಬಿಗಿ ಬಿಟ್ಟ ಮೇಲೆ ಎರಡು ಬೆರಳಿನಲ್ಲಿ ಗಿರ್ರನೆ ತಿರುಗಿಸುವ ಹುಡುಗನ ವೇಗವನ್ನು ಯಾವ ರಾಚೆಟ್ ಸ್ಪ್ಯಾನರೂ ಮುಟ್ಟಲಾರದು. ದ್ವಿಚಕ್ರ ವಾಹನಗಳ ಕೆಲಸವೇ ಮುಖ್ಯವಾಗಿರುವವರಿಗೆ ಆದ್ದರಿಂದ ಇದನ್ನು ನಾನು ಶಿಫಾರಸು ಮಾಡುವುದೇ ಇಲ್ಲ. ಎಂಜಿನ್ ಆಯಿಲ್ ಬಿಡುವ ಪ್ಲಗ್ಗಿಗೂ ಇದು ಬೇಡ. ಅಲ್ಲಿ ಬೇಕಾದದ್ದು ತಲೆ ಸವೆಯದಂತೆ ಸರಿಯಾಗಿ ಕೂರುವ ರಿಂಗು ಮಾತ್ರ, ಬಿಗಿ ಬಿಟ್ಟ ಮೇಲೆ ಉಳಿದದ್ದು ಬೆರಳಿನ ಕೆಲಸ.

ಬ್ರೇಕಿನ ಕೆಲಸದಲ್ಲಂತೂ ರಾಚೆಟ್ ತೊಡಕೇ ಆಗುತ್ತದೆ. ಬ್ರೇಕ್ ದ್ರವದಲ್ಲಿ ಸೇರಿದ ಗಾಳಿಯನ್ನು ತೆಗೆಯುವಾಗ ಅದಕ್ಕೆಂದೇ ಇರುವ ನಿಪ್ಪಲನ್ನು ಕಾಲು ಸುತ್ತು ತೆರೆದು, ದ್ರವ ಹೊರಬಂದ ಕೂಡಲೇ, ಪೆಡಲ್ ಮೇಲಕ್ಕೆ ಬರುವ ಮೊದಲೇ ಮುಚ್ಚಬೇಕು. ಒಂದೇ ದಿಕ್ಕಿಗೆ ಹಿಡಿಯುವ ಸ್ಪ್ಯಾನರ್ ಹಾಕಿ ಕುಳಿತವನು ಮುಚ್ಚಲು ಅದನ್ನು ಮಗುಚಬೇಕು, ಮಗುಚಲು ನಿಪ್ಪಲಿನ ಮೇಲಿನ ರಬ್ಬರ್ ಟ್ಯೂಬನ್ನು ಕೀಳಬೇಕು. ಬ್ರೇಕ್ ಪೈಪಿನ ನಟ್ಟುಗಳಿಗಂತೂ ಮುಚ್ಚಿದ ರಿಂಗು ಯಾವುದೇ ಆಗಲಿ, ಒಳಕ್ಕೆ ಹೋಗುವುದೇ ಇಲ್ಲ, ಏಕೆಂದರೆ ಪೈಪು ನಟ್ಟಿನ ನಡುವಿನಿಂದಲೇ ಹಾದುಹೋಗುತ್ತದೆ. ಅದಕ್ಕೆ ಒಂದು ಬದಿಯಲ್ಲಿ ಪೈಪಿನಷ್ಟೇ ಸೀಳಿರುವ ಫ್ಲೇರ್ ನಟ್ ಸ್ಪ್ಯಾನರ್ ಬೇಕು. ರಾಚೆಟ್ ಸೆಟ್ಟಿಗೆ ಹಣ ಹಾಕುವ ಮೊದಲು ಆ ಸ್ಪ್ಯಾನರ್ ನಿಮ್ಮಲ್ಲಿದೆಯೇ ಎಂದು ನೋಡಿಕೊಳ್ಳಿ. ನಾನು ನೋಡಿದ ಗ್ಯಾರೇಜುಗಳಲ್ಲಿ ಬಹುಪಾಲಿನಲ್ಲಿ ಅದು ಇಲ್ಲ, ತೆರೆದ ಬಾಯಿಯ ಸ್ಪ್ಯಾನರಿನಲ್ಲಿ ತಿರುಗಿಸಿ ತಿರುಗಿಸಿ ಮೂಲೆ ಸವೆದ ಬ್ರೇಕ್ ನಟ್ಟುಗಳು ಮಾತ್ರ ಧಾರಾಳವಾಗಿವೆ.

ಇನ್ನು ಬಲದ ಮಾತು. ಗಟ್ಟಿಯಾಗಿ ಕಚ್ಚಿಕೊಂಡ ಬೋಲ್ಟಿನ ಮೊದಲ ಬಿಗಿಯನ್ನು ರಾಚೆಟ್ ತುದಿಯಿಂದ ಬಿಡಿಸಬಾರದು. ಸಾಮಾನ್ಯ ರಿಂಗಿನಲ್ಲಿ ಇಡೀ ಬಳೆಯೇ ಹೊರೆಯನ್ನು ಹೊರುತ್ತದೆ. ರಾಚೆಟ್ಟಿನಲ್ಲಾದರೋ ನೀವು ಎಳೆಯುವ ಬಲವೆಲ್ಲ ತಡೆತುಂಡು ಹಿಡಿದಿರುವ ಕೆಲವೇ ಸಣ್ಣ ಹಲ್ಲುಗಳ ಮೂಲಕ ಹಾದುಹೋಗಬೇಕು. ಒಳ್ಳೆಯ ತಯಾರಕರ ಸ್ಪ್ಯಾನರ್ ಸಾಕಷ್ಟು ತಡೆಯುತ್ತದೆ, ನಿಜ. ಆದರೆ ನಮ್ಮಲ್ಲಿ ಸ್ಪ್ಯಾನರಿನ ಹಿಡಿಗೆ ಪೈಪ್ ಸಿಕ್ಕಿಸಿ ಎಳೆಯುವುದೂ, ಸುತ್ತಿಗೆಯಿಂದ ಬಡಿಯುವುದೂ ದಿನನಿತ್ಯದ ರೂಢಿ. ರಿಂಗ್ ಸ್ಪ್ಯಾನರ್ ಇದನ್ನು ವರ್ಷಗಟ್ಟಲೆ ಸಹಿಸಿಕೊಳ್ಳುತ್ತದೆ, ರಾಚೆಟ್ ಸಹಿಸಿಕೊಳ್ಳುವುದಿಲ್ಲ. ಒಂದು ಹಲ್ಲು ಚಿಪ್ಪೆದ್ದರೆ ಸಾಕು, ಮುಂದೊಂದು ದಿನ ಪೂರ್ತಿ ಬಲ ಹಾಕಿ ಎಳೆಯುವಾಗ ಅದು ಜಾರಿ ಗೆಣ್ಣು ನೇರವಾಗಿ ಬ್ರಾಕೆಟ್ಟಿಗೆ ಬಡಿಯುತ್ತದೆ. ಆದ್ದರಿಂದ ಮೊದಲ ಬಿಗಿಗೆ ರಿಂಗ್ ಅಥವಾ ಸಾಕೆಟ್, ಬಿಗಿ ಬಿಟ್ಟ ಮೇಲೆ ರಾಚೆಟ್. ಕರಾವಳಿಯಷ್ಟು ತುಕ್ಕು ಇಲ್ಲಿನ ಒಣಹವೆಯಲ್ಲಿ ಹಿಡಿಯುವುದಿಲ್ಲ, ಹಾಗಾಗಿ ನಮ್ಮ ಗಾಡಿಗಳ ಬೋಲ್ಟುಗಳು ಅಷ್ಟೇನೂ ಹಟ ಮಾಡುವುದಿಲ್ಲ. ಸೈಲೆನ್ಸರಿನ ಕಡೆಯ ನಟ್ಟುಗಳ ವಿಷಯ ಮಾತ್ರ ಬೇರೆ. ಬಿಸಿಗೆ ಬೆಂದು ಬೆಂದು ಕಚ್ಚಿಕೊಂಡಿರುವ ಅವನ್ನು ರಾಚೆಟ್ಟಿನಿಂದ ಮುಟ್ಟದಿರುವುದೇ ಲೇಸು. ಚಕ್ರದ ನಟ್ಟುಗಳಿಗೂ ಇದೇ ಮಾತು.

ಕೊನೆಯ ಬಿಗಿಯನ್ನು ಕೊಡುವಾಗಲೂ ಎಚ್ಚರ ಬೇಕು, ಆದರೆ ಅಲ್ಲಿ ಅಪಾಯ ಸ್ಪ್ಯಾನರಿಗಲ್ಲ, ಬೋಲ್ಟಿಗೆ. 10ರ ಸ್ಪ್ಯಾನರ್ ಬೀಳುವ 6 ಮಿ.ಮೀ. ಬೋಲ್ಟಿಗೆ, ಅದು 8.8 ಎಂಬ ಬಲದ ದರ್ಜೆಯದಾದರೆ, ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು. 8 ಮಿ.ಮೀ.ಗೆ ಸುಮಾರು 25, 10 ಮಿ.ಮೀ.ಗೆ ಸುಮಾರು 50. ಹಿಡಿಯ ಮೇಲೆ 14 ಸೆಂ.ಮೀ. ದೂರದಲ್ಲಿ ಕೈಯಿಟ್ಟು 20 ಕಿಲೋ ತೂಕದಷ್ಟು ಬಲದಿಂದ ಎಳೆದರೆ 27 ನ್ಯೂಟನ್ ಮೀಟರ್ ಆಗುತ್ತದೆ. 6 ಮಿ.ಮೀ. ಬೋಲ್ಟು ಮುರಿಯಲು ಅಥವಾ ಅಲ್ಯೂಮಿನಿಯಂ ಒಳಗಿನ ಥ್ರೆಡ್ ಕಿತ್ತುಬರಲು ಅಷ್ಟು ಸಾಕೋ ಸಾಕು. ರಾಚೆಟ್ಟಿನಲ್ಲಿ ಕೈ ಒಂದೇ ಲಯಕ್ಕೆ ಒಗ್ಗಿಹೋಗುವುದರಿಂದ, ತಲೆ ಕೂತ ಮೇಲೂ ಇನ್ನೊಂದು ಎಳೆತ ಹೆಚ್ಚಾಗಿ ಬಿದ್ದುಬಿಡುತ್ತದೆ. ತಲೆ ಕೂರುವವರೆಗೆ ರಾಚೆಟ್ಟನ್ನು ಬಳಸಿ, ಆಮೇಲೆ ಬಿಗಿಯನ್ನು ಅಳೆದು ಕೊಡುವ ಟಾರ್ಕ್ ರೆಂಚ್ ಹಾಕುವುದು ಸರಿಯಾದ ಕ್ರಮ. ಟಾರ್ಕ್ ರೆಂಚ್ ಹೋಗದ ಸಂದಿನಲ್ಲಿ ಹಿಡಿಯನ್ನು ಚಿಕ್ಕದಾಗಿ, ತಲೆಯ ಹತ್ತಿರ ಹಿಡಿದು ಬಿಗಿಯುವ ಅಭ್ಯಾಸ ಒಳ್ಳೆಯದು.

ಇದರಲ್ಲಿ ಇನ್ನೊಂದು ಕೆಟ್ಟ ಗುಣವಿದೆ, ಅಂಗಡಿಯವರು ಅದನ್ನು ಹೇಳುವುದಿಲ್ಲ. ಬೋಲ್ಟನ್ನು ಬಿಚ್ಚುತ್ತಾ ಹೋದಂತೆ ಅದರ ತಲೆ ಹೊರಕ್ಕೆ ಸರಿಯುತ್ತದೆ, ಸ್ಪ್ಯಾನರೂ ಅದರ ಜೊತೆ ಸರಿಯುತ್ತದೆ. ಹಿಂದೆ ಚಾಸಿಯ ಪಟ್ಟಿಯೋ ಪೈಪೋ ಇದ್ದರೆ ಬೋಲ್ಟಿನ ತಲೆಗೂ ಅದಕ್ಕೂ ನಡುವೆ ಸ್ಪ್ಯಾನರ್ ಸಿಕ್ಕಿಹಾಕಿಕೊಳ್ಳುತ್ತದೆ. ಸಾಮಾನ್ಯ ರಿಂಗ್ ಆದರೆ ಹಿಂದಕ್ಕೆ ತಿರುಗಿಸಿ ಬೋಲ್ಟನ್ನು ಸ್ವಲ್ಪ ಒಳಕ್ಕೆ ಕಳಿಸಿ ಹೊರಬರಬಹುದು. ಒಂದೇ ದಿಕ್ಕಿನ ರಾಚೆಟ್ ಹಿಂದಕ್ಕೆ ತಿರುಗಿಸಿದರೆ ಸುಮ್ಮನೆ ಟಕಟಕ ಎನ್ನುತ್ತದೆ. ಮುಂದಕ್ಕೆ ಜಾಗವಿಲ್ಲ, ಹಿಂದಕ್ಕೆ ಹಿಡಿತವಿಲ್ಲ. ಆಗ ಅಡ್ಡ ಬಂದ ಭಾಗವನ್ನೇ ಬಿಚ್ಚಬೇಕಾಗುತ್ತದೆ. ದಿಕ್ಕು ಬದಲಿಸುವ ಸಣ್ಣ ಲಿವರ್ ಇರುವ ಬಗೆಯನ್ನು ಕೊಂಡರೆ ಈ ಸಂಕಟ ಬಹುಮಟ್ಟಿಗೆ ತಪ್ಪುತ್ತದೆ. ಜೊತೆಗೆ ಅದರ ತಲೆ ಸಾಮಾನ್ಯವಾಗಿ ತುಸು ಓರೆಯಾಗಿರುವುದರಿಂದ ಗೆಣ್ಣುಗಳಿಗೂ ಜಾಗ ಸಿಗುತ್ತದೆ. ಲಿವರ್ ಇಲ್ಲದ ಬಗೆಯಲ್ಲಿ ದಿಕ್ಕು ಬದಲಿಸಲು ಸ್ಪ್ಯಾನರನ್ನೇ ಮಗುಚಿ ಹಾಕಬೇಕು, ಆದರೆ ಅದರ ತಲೆ ಹೆಚ್ಚು ತೆಳುವಾಗಿರುತ್ತದೆ. ತೀರಾ ಇಕ್ಕಟ್ಟಾದ ಕಡೆ ಆ ತೆಳುತನವೇ ಬೇಕಾಗುವುದರಿಂದ ಯಾವುದು ಮೇಲು ಎಂಬುದು ನಿಮ್ಮ ಕೆಲಸದ ಮೇಲೆ ನಿಂತಿದೆ. ನನ್ನ ಆಯ್ಕೆ ಲಿವರ್ ಇರುವುದು. ಎರಡೂ ಬಗೆಯ ತಲೆಗಳು ಸಾಮಾನ್ಯ ರಿಂಗಿಗಿಂತ ದಪ್ಪ ಎಂಬುದನ್ನು ಮಾತ್ರ ಮರೆಯಬಾರದು. ರಿಂಗು ಹೋಗುವ ಕಡೆಯೆಲ್ಲ ಇದು ಹೋಗುವುದಿಲ್ಲ.

ಹಲ್ಲಿನ ಸಂಖ್ಯೆಯ ಜಾಹೀರಾತಿಗೆ ಮರುಳಾಗಬೇಕಾಗಿಲ್ಲ. 72 ಹಲ್ಲಿನದು 5 ಡಿಗ್ರಿಗೆ ಒಂದು ಹೆಜ್ಜೆ ಇಡುತ್ತದೆ, 90ರದು 4 ಡಿಗ್ರಿಗೆ, 120ರದು 3 ಡಿಗ್ರಿಗೆ. 16 ಸೆಂ.ಮೀ. ಉದ್ದದ ಹಿಡಿಯ ತುದಿ 30 ಡಿಗ್ರಿಗೆ 8 ಸೆಂ.ಮೀ.ಗಿಂತ ಹೆಚ್ಚು ಸರಿಯಬೇಕು, 5 ಡಿಗ್ರಿಗಾದರೆ 1.4 ಸೆಂ.ಮೀ. ಸಾಕು. ಇದು ನಿಜಕ್ಕೂ ದೊಡ್ಡ ವ್ಯತ್ಯಾಸ. 5ರಿಂದ 3ಕ್ಕೆ ಇಳಿದರೆ ಸಿಗುವ ಲಾಭ ಅರ್ಧ ಸೆಂಟಿಮೀಟರಿನಷ್ಟು. ಅದಕ್ಕಾಗಿ ದುಪ್ಪಟ್ಟು ಬೆಲೆ ಕೊಡುವ ಅಗತ್ಯ ನಮ್ಮ ಗ್ಯಾರೇಜುಗಳಿಗೆ ಇಲ್ಲ. 72 ಸಾಕು.

ಯಾವ ನಾಲ್ಕು ಅಳತೆ ಎಂದರೆ 10, 12, 13 ಮತ್ತು 14. ಮಾರುತಿ, ಟೊಯೋಟಾ, ಹೋಂಡಾ, ಹ್ಯುಂಡೈ ಗಾಡಿಗಳಲ್ಲಿ 8 ಮಿ.ಮೀ. ಬೋಲ್ಟಿನ ತಲೆ ಹೆಚ್ಚಾಗಿ 12 ಇರುತ್ತದೆ, 10 ಮಿ.ಮೀ. ಬೋಲ್ಟಿನದು 14. ಟಾಟಾ, ಮಹೀಂದ್ರಾ ಗಾಡಿಗಳಲ್ಲಿ 8 ಮಿ.ಮೀ. ಬೋಲ್ಟಿಗೆ 13 ಬರುವುದು ಸಾಮಾನ್ಯ, ದೊಡ್ಡ ಬೋಲ್ಟುಗಳಿಗೆ 17, 19. 6 ಮಿ.ಮೀ. ಬೋಲ್ಟಿಗೆ 10 ಎಲ್ಲ ಕಡೆಯೂ ಸಾಮಾನ್ಯ. ನಮ್ಮಲ್ಲಿ ರಿಂಗ್ ಸ್ಪ್ಯಾನರುಗಳು 10-11, 12-13, 14-15, 16-17 ಎಂದು ಜೋಡಿಯಾಗಿ ಬರುವುದರಿಂದ ಈ ನಾಲ್ಕನ್ನೂ ನೀವು ಈಗಾಗಲೇ ಕೈಯಲ್ಲಿ ಹಿಡಿದು ಬಲ್ಲಿರಿ. ಅವುಗಳಲ್ಲಿ ಯಾವ ತುದಿ ಹೆಚ್ಚು ಸವೆದು ಹೊಳೆಯುತ್ತಿದೆಯೋ ಅದೇ ಅಳತೆಯ ರಾಚೆಟ್ಟನ್ನು ಮೊದಲು ಕೊಳ್ಳಿ. 17 ಮತ್ತು ಅದಕ್ಕಿಂತ ಮೇಲಿನ ಅಳತೆಗಳಿಗೆ ನಾನು ಬೇಡವೆನ್ನುತ್ತೇನೆ. ಅಷ್ಟು ದೊಡ್ಡ ಬೋಲ್ಟಿಗೆ ಬೇಕಾಗುವುದು ಬಲ, ಬಲಕ್ಕೆ ಅರ್ಧ ಇಂಚಿನ ಸಾಕೆಟ್ ಹ್ಯಾಂಡಲ್ ಅಥವಾ ಇಂಪ್ಯಾಕ್ಟ್ ಗನ್ ಇದೆ. ಅಂತರಸನಹಳ್ಳಿಯ ಕಡೆ ಲಾರಿಗಳ ಕಮಾನು ಪಟ್ಟಿಯ (ಲೀಫ್ ಸ್ಪ್ರಿಂಗ್) ಕೆಲಸ ಮಾಡುವವರಿಗೂ, ಟ್ರ್ಯಾಕ್ಟರ್ ರಿಪೇರಿಯವರಿಗೂ ಈ ಕಾರಣದಿಂದಲೇ ರಾಚೆಟ್ ಸ್ಪ್ಯಾನರಿನಿಂದ ಹೆಚ್ಚಿನ ಪ್ರಯೋಜನವಿಲ್ಲ.

ಒಂದು ಒಳ್ಳೆಯ ರಾಚೆಟ್ ಸ್ಪ್ಯಾನರಿನ ಬೆಲೆಗೆ ಅದೇ ಅಳತೆಯ ರಿಂಗ್ ಸ್ಪ್ಯಾನರುಗಳು ಮೂರು ನಾಲ್ಕು ಬರುತ್ತವೆ. ಹೊಸದಾಗಿ ಗ್ಯಾರೇಜ್ ತೆರೆಯುವವರು ಮೊದಲು ರಿಂಗ್, ಸಾಕೆಟ್, ಟಿ ಸ್ಪ್ಯಾನರ್, ಟಾರ್ಕ್ ರೆಂಚ್ ಇಷ್ಟನ್ನೂ ಹೊಂದಿಸಿಕೊಂಡ ಮೇಲೆಯೇ ಇದರ ಯೋಚನೆ ಮಾಡಲಿ. ತೀರಾ ಅಗ್ಗದ ಹೆಸರಿಲ್ಲದ ಸೆಟ್ಟುಗಳನ್ನು ದೂರವಿಡಿ, ಏಕೆಂದರೆ ರಿಂಗ್ ಸ್ಪ್ಯಾನರಿನಲ್ಲಿ ಕೆಟ್ಟ ಉಕ್ಕು ಕಣ್ಣಿಗೆ ಕಾಣುವಂತೆ ಬಾಯಿ ಅಗಲಿಸಿಕೊಳ್ಳುತ್ತದೆ, ರಾಚೆಟ್ಟಿನಲ್ಲಿ ಅದು ಒಳಗೇ ಸವೆಯುತ್ತದೆ. ಅಂಗಡಿಯಲ್ಲಿ ನೋಡಬೇಕಾದದ್ದು ಹೊಳಪನ್ನಲ್ಲ. ರಿಂಗಿಗೆ ಒಂದು ಬೋಲ್ಟನ್ನು ಹಾಕಿಸಿಕೊಂಡು ಹಿಂದಕ್ಕೆ ನಿಧಾನವಾಗಿ ತಿರುಗಿಸಿ, ಸದ್ದು ಒಂದೇ ಸಮನಾಗಿ ಬರುತ್ತಿದೆಯೇ, ಎಲ್ಲಾದರೂ ಒಂದು ಹೆಜ್ಜೆ ನುಂಗಿದಂತಾಗುತ್ತಿದೆಯೇ ಎಂದು ಕೇಳಿಸಿಕೊಳ್ಳಿ. ಹಿಂದಕ್ಕೆ ತಿರುಗಿಸಲು ಬೇಕಾಗುವ ಒತ್ತಡ ಹಗುರವಾಗಿರಬೇಕು. ಅದು ಗಡುಸಾಗಿದ್ದರೆ ಸಡಿಲವಾದ ನಟ್ಟು ಸ್ಪ್ಯಾನರಿನ ಜೊತೆಗೇ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ, ಕೆಲಸ ಮುಂದೆ ಸಾಗುವುದಿಲ್ಲ. ಅಂಥ ನಟ್ಟನ್ನು ಬೆರಳಿನಿಂದ ಒತ್ತಿ ಹಿಡಿಯಬೇಕಾಗುತ್ತದೆ, ಬೆರಳು ಹೋಗದ ಜಾಗಕ್ಕೆಂದೇ ತಾನೇ ಈ ಸ್ಪ್ಯಾನರನ್ನು ಕೊಂಡದ್ದು.

ಕೊಂಡ ಮೇಲೆ ಅದನ್ನು ಉಳಿದ ಸ್ಪ್ಯಾನರುಗಳ ಜೊತೆ ಡೀಸೆಲ್ ಟ್ರೇಯಲ್ಲಿ ಎಸೆದು ಮರೆಯಬಾರದು. ಶಿರಾ, ಪಾವಗಡದ ಕಡೆಯಿಂದ ಬರುವ ಗಾಡಿಗಳ ಕೆಳಗೆ ಅಂಟಿರುವ ನುಣ್ಣನೆಯ ಧೂಳು ಹಲ್ಲುಗಳ ನಡುವೆ ಸೇರಿದರೆ ತಡೆತುಂಡು ಪೂರ್ತಿ ಒಳಕ್ಕೆ ಕೂರದೆ ಹಲ್ಲಿನ ತುದಿಯಲ್ಲೇ ನಿಲ್ಲುತ್ತದೆ, ಜಾರುವುದಕ್ಕೆ ಮೊದಲ ಕಾರಣ ಅದೇ. ಒಳಗೆ ಮರಳಿನ ಸದ್ದು ಬಂದಾಗ ಸೀಮೆಎಣ್ಣೆಯಲ್ಲಿ ಅದ್ದಿ, ಚಕ್ರವನ್ನು ತಿರುಗಿಸುತ್ತಾ ತೊಳೆದು, ಗಾಳಿ ಹೊಡೆದು ಒಣಗಿಸಿ, ಹೊಲಿಗೆ ಯಂತ್ರದ ಎಣ್ಣೆಯಂಥ ತೆಳ್ಳನೆಯ ಎಣ್ಣೆಯನ್ನು ಒಂದೆರಡು ಹನಿ ಬಿಡಿ. ಗ್ರೀಸ್ ತುಂಬಬೇಡಿ, ಅದು ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ಗಟ್ಟಿಯಾದಾಗ ಸ್ಪ್ರಿಂಗಿನ ಒತ್ತಡವನ್ನೂ ಮೀರಿ ತಡೆತುಂಡನ್ನು ಅಲ್ಲಾಡದಂತೆ ಕಟ್ಟಿಹಾಕುತ್ತದೆ.